ಹಸಿರು ಚೀಟಿಯ ಎರಡು ಟ್ಯೂಬು

ಮಾರ್ಚ್ ೧೧, ಬುಧವಾರ

ಪ್ರೀತಿಯ ಕಪ್ಪೆರಾಯನಿಗೆ,

ನೀನು, ನಿನ್ನ ಹೆಂಡತಿ, ಮಗಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹೀಗೆ ಬರೆದು ಆ ಸಾಲನ್ನೇ ಸ್ವಲ್ಪ ಹೊತ್ತು ನೋಡುತ್ತ ಕುಳಿತೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಫೋನು ಕಟ್ ಮಾಡಿದ್ದಕ್ಕೆ ಅಣ್ಣನೂ ಮುಖ ಬಿಗಿದುಕೊಂಡಿದ್ದಾನೆ ಅಂದುಕೊಂಡಿರಬಹುದು. ಹಾಗಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ಅದಕ್ಕೇ ಕಾಗದ.

ಇಲ್ಲಿ ಹೊಸ ಸುದ್ದಿಯೇನಿಲ್ಲ. ನಮ್ಮ ಲ್ಯಾಬಿನ ಲಿಫ್ಟು ಇನ್ನೂ ಕೆಟ್ಟೇ ಇದೆ. ಕಿಟಕಿಯಾಚೆ ಕಟ್ಟುತ್ತಿದ್ದ ಕಟ್ಟಡ ಎದ್ದು ನಿಂತು ನನ್ನ ಮೇಜಿನ ಬೆಳಕನ್ನು ತಿಂದುಹಾಕಿದೆ. ಹಗಲಲ್ಲೂ ದೀಪ ಹಾಕಿಕೊಂಡು ಕೂರುತ್ತೇನೆ.

ಅವತ್ತು ಫೋನಿನಲ್ಲಿ ಗಡಿಬಿಡಿಯಿಂದ ಹೇಳಿದ್ದನ್ನು ನಿಧಾನವಾಗಿ ಹೇಳುತ್ತೇನೆ. ಮೈಯ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ವೆಸಿಕಲ್ ಎನ್ನುತ್ತೇವೆ. ಯಾವ ಕೋಶದಿಂದ ಬಂದದ್ದೆಂಬ ಗುರುತು ಅವುಗಳ ಮೇಲೇ ಇರುತ್ತದೆ. ರಕ್ತನಾಳದ ಒಳಗೋಡೆಗೆ ತೊಂದರೆಯಾದರೆ ಆ ಗೋಡೆಯ ಚೀಲಗಳು ಹೆಚ್ಚುತ್ತವೆ, ಎದೆ ನೋಯುವುದಕ್ಕೆ ಎಷ್ಟೋ ಮೊದಲೇ. ಅವನ್ನು ಎಣಿಸಿ ಹೃದಯಕ್ಕಿರುವ ಅಪಾಯವನ್ನು ಮುಂಚೆಯೇ ತಿಳಿಯಬಹುದೇ ಎಂದು ನೋಡುವುದು ನಮ್ಮ ಕೆಲಸ. ಇನ್ನೂ ‘ಬಹುದೇ’ ಅಷ್ಟೇ. ಇದೊಂದನ್ನೇ ನಂಬಿ ಯಾವ ಡಾಕ್ಟರೂ ಔಷಧಿ ಬರೆಯುವುದಿಲ್ಲ.

ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕು. ನಮ್ಮಲ್ಲಿ ರೋಗಿಗಳ ಟ್ಯೂಬಿಗೆ ನಂಬರು, ತಾರೀಖು, ಸಹಿ ಎಲ್ಲ ಉಂಟು. ಆರೋಗ್ಯವಂತರ ಟ್ಯೂಬಿಗೆ ಬರೀ ಒಂದು ಹಸಿರು ಚೀಟಿ. ಅವರು ಗುಂಪಾಗಿ ಇದ್ದರೆ ಸಾಕು, ಯಾರು ಯಾರೆಂದು ಕೇಳುವವರಿಲ್ಲ. ನೀನು ನನ್ನನ್ನು ನೋಡಲು ಬಂದ ದಿನ ಕೆಳಗಿನ ಕೋಣೆಯಲ್ಲಿ ನಿನ್ನನ್ನು ಹಿಡಿದು ಕೂರಿಸಿದ್ದು ಅದಕ್ಕೇ. “ಈಜು ಮಾಸ್ಟರ ರಕ್ತ! ಇದಕ್ಕಿಂತ ಆರೋಗ್ಯ ಇನ್ನೆಲ್ಲಿ ಸಿಗುತ್ತೆ” ಎಂದಳು ರಕ್ತ ತೆಗೆಯುವ ಸೂಜಿರಾಣಿ. “ನಿಮ್ಮ ಸಾರ್‌ದೂ ತಗೊಳ್ಳಿ, ಬರೀ ಕಾಫಿ ಬರುತ್ತೆ” ಅಂದೆ ನೀನು. ನಾನೂ ತೋಳು ಚಾಚಿದೆ. ಆ ದಿನದ ಹಸಿರು ಚೀಟಿಗಳು ಎರಡೇ, ನಿನ್ನದು ಮತ್ತು ನನ್ನದು.

ಎರಡರಲ್ಲಿ ಒಂದು, ಆಸ್ಪತ್ರೆಯ ಹಾಸಿಗೆಯಲ್ಲಿರುವವರ ರಕ್ತದಂತಿದೆ. ಯಾವುದು ಯಾರದೆಂದು ಚೀಟಿ ಹೇಳುವುದಿಲ್ಲ.

ನಮ್ಮ ಮುಖ್ಯಸ್ಥೆ ಕಂಪ್ಯೂಟರ್ ಪರದೆ ನೋಡಿ, “ಮೇಲೆ ತರುವಾಗ ಯಾರೋ ಕುಲುಕಿದ್ದಾರೆ, ಅದಕ್ಕೇ ಅಂಕಿ ಏರಿದೆ. ಎಸೆದುಬಿಡಿ” ಅಂದರು. ತಲೆಯಾಡಿಸಿದೆ, ಎಸೆಯಲಿಲ್ಲ. ಎರಡೂ ಬಂದದ್ದು ಒಂದೇ ಕೈಯಲ್ಲಿ, ಒಂದೇ ಮೆಟ್ಟಿಲೇರಿ. ಕುಲುಕಿದ್ದರೆ ಎರಡೂ ಕುಲುಕಬೇಕಿತ್ತಲ್ಲ.

ಇನ್ನೊಮ್ಮೆ ರಕ್ತ ಕೊಡು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ನೀನು, “ಅಣ್ಣ, ನಾನು ನಿನ್ನ ಇಲಿ ಅಲ್ಲ. ಕೂತು ಕೂತು ಸೋಫಾ ಆಗಿರೋನು ನೀನು. ನಿಂದೇ ಇರುತ್ತೆ, ಹೋಗಿ ನೋಡ್ಕೋ” ಅಂದೆ. ಆಮೇಲೆ ದನಿ ತಗ್ಗಿಸಿ, “ಇದು ಈಜುಕೊಳದವರ ಕಿವಿಗೆ ಬಿದ್ರೆ ನಾಳೆಯಿಂದ ನನ್ನ ನೀರಿಗೇ ಇಳಿಸಲ್ಲ” ಅಂದೆ. ಮೊದಲ ಮಾತಿಗಿಂತ ಎರಡನೆಯದು ನನ್ನನ್ನು ಹೆಚ್ಚು ಹೆದರಿಸಿತು.

ಮರುದಿನ ನಿನ್ನ ಹೆಂಡತಿ ಫೋನು ಮಾಡಿದ್ದಳು. ಅವಳ ಮೇಲೆ ಹಾರಾಡಬೇಡ. “ಭಾವ, ಇವರು ಈಗೀಗ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಫೋನ್ ನೋಡ್ತಾರೆ. ಹಿಂದಿನಿಂದ ಬಗ್ಗಿ ನೋಡ್ದೆ. ಫೋನ್ ಆನ್ ಕೂಡ ಆಗಿರಲಿಲ್ಲ” ಎಂದಳು.

ಅಪ್ಪ ಷೂ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಒಂದು ಷೂವಿಗೆ ಮಾತ್ರ ಗಂಟು ಬಿದ್ದಿತ್ತು. ಅದನ್ನು ಬಿಚ್ಚಲು ನೀನು ಯಾರನ್ನೂ ಬಿಡಲಿಲ್ಲ. ಅಪ್ಪ ಹೋದಾಗಿನ ವಯಸ್ಸನ್ನು ನಾನು ದಾಟಿ ಬಂದಿದ್ದೇನೆ. ನೀನು ಅದರ ಹತ್ತಿರದಲ್ಲಿದ್ದೀಯ.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಾ. ಈ ಸಲ ಟ್ಯೂಬಿನ ಮೇಲೆ ನಾನೇ ಹೆಸರು ಬರೆಯುತ್ತೇನೆ. ಅದಾದ ಮೇಲೆ, ನನ್ನ ಚೀಲಗಳನ್ನು ಚೂರೂ ನಂಬದ ಹೃದಯದ ಡಾಕ್ಟರೊಬ್ಬರಿದ್ದಾರೆ, ಅವರಲ್ಲಿಗೆ ಹೋಗೋಣ. ಸರಿಯಾದ ಪರೀಕ್ಷೆ ಅವರು ಮಾಡುತ್ತಾರೆ. ಈಜುಕೊಳದಲ್ಲಿ ಕೇಳಿದರೆ ಅಣ್ಣನಿಗೆ ಹುಷಾರಿಲ್ಲ ಎನ್ನು.

ಮಗಳ ತಲೆ ಸವರಿದೆನೆಂದು ಹೇಳು. ಅವಳು ಮುದುಕಿಯಾಗುವವರೆಗೂ ನೀನು ನೀರಲ್ಲಿ ಬಿದ್ದಿರು.

ನಿನ್ನ
ಅಣ್ಣ (ಸೋಫಾ)

ಮರೆತದ್ದು: ತಡವಾಯಿತು ಎಂದೆ, ಯಾಕೆಂದು ಹೇಳಲಿಲ್ಲ. ನೀನು ಅಂದ ಹಾಗೆ ಹೋಗಿ ನೋಡಿಕೊಂಡೆ. ಮತ್ತೆ ರಕ್ತ ತೆಗೆಸಿ ಅಳೆದೆ. ನನ್ನದರಲ್ಲಿ ಏನೂ ಇಲ್ಲ. ಪರದೆಯ ಮೇಲೆ ಅಂಕಿ ಬಂದಾಗ ಮೈ ಹಗುರವಾಯಿತು. ಸೂಜಿರಾಣಿಯ ಜೊತೆ ಏನೋ ತಮಾಷೆ ಮಾಡಿ ನಕ್ಕೆ ಕೂಡ. ನನ್ನದಲ್ಲವೆಂದರೆ ಯಾರದೆಂದು ಹೊಳೆದದ್ದು ಆಮೇಲೆ, ಕೈ ತೊಳೆಯುವಾಗ. ನಡುವಿನ ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ನೀನು ಎಲ್ಲಿಯೂ ಇರಲಿಲ್ಲ. ರಕ್ತ ಕೊಡಲು ಮನಸ್ಸಿಲ್ಲದಿದ್ದರೆ, ಇದಕ್ಕಾಗಿ ನನ್ನನ್ನು ಬೈಯಲಾದರೂ ಬಾ. ಮೆಟ್ಟಿಲು ಹತ್ತಬೇಡ. ನಾನು ಕೆಳಗೇ ನಿಂತಿರುತ್ತೇನೆ.