ರಿಪೋರ್ಟು ಹೇಳಿದ ಕಾಯಿಲೆ

ಪಾರ್ಲರಿನ ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಣಿ ಕ್ಯಾಂಪಿನಲ್ಲಿ ಅಷ್ಟು ಜನರಿಗೆ ಬೇಯಿಸಿ ಹಾಕುವವಳು ಹೊತ್ತಿಗೆ ಸರಿಯಾಗಿ ತಾನು ಉಣ್ಣುತ್ತಾಳೋ ಇಲ್ಲವೋ ಎಂಬುದೇ ಅಮ್ಮನ ಚಿಂತೆ. ಅಲ್ಲಿ ಫೋನ್ ಸಿಗುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿ ನೋಡಿದೆ. ಕೊನೆಗೆ ತರಕಾರಿ ಲಾರಿಯ ಡ್ರೈವರ್ ಕೈಯಲ್ಲಿ ಕಳಿಸೋಣವೆಂದು ಬರೆಯಲು ಕುಳಿತೆ.

ಇತ್ತೀಚೆಗೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಾಚಣಿಗೆ ತುಂಬ ಕೂದಲು. ಊರವರ ತಲೆ ಸಿಂಗರಿಸುವವಳ ತಲೆಯೇ ಬೋಳಾದರೆ ಪಾರ್ಲರಿಗೆ ಯಾರು ಬರುತ್ತಾರೆ ಹೇಳು! ಅದೇ ಯೋಚನೆಯಲ್ಲಿ ನಿದ್ದೆಯೂ ಹೋಯಿತು. ಒಂದು ದಿನ ಕೈ ನಡುಗಿ, ಟೀಚರಮ್ಮನ ಕಿವಿಗೆ ಕತ್ತರಿ ತಾಗಿ ರಕ್ತ ಬಂತು. "ಮೊದ್ಲು ನಿನ್ನ ಕೈ ಯಾರಿಗಾದ್ರೂ ತೋರಿಸಮ್ಮ" ಎಂದರು ಪುಣ್ಯಾತ್ಗಿತ್ತಿ, ಜಗಳವಾಡಲಿಲ್ಲ. ನನಗೇ ಅಳು ಬಂತು.

ಅಮ್ಮನ ಜೊತೆ ಆಸ್ಪತ್ರೆಗೆ ಹೋದೆ, ಡಾಕ್ಟರಮ್ಮ ಥೈರಾಯ್ಡ್ ರಕ್ತಪರೀಕ್ಷೆ ಬರೆದರು. ರಿಪೋರ್ಟಿನಲ್ಲಿ ಟಿಎಸ್‌ಎಚ್ ಪಾತಾಳದಲ್ಲಿತ್ತು, ಥೈರಾಯ್ಡ್ ಸುರಿಸುವ ಟಿ-ಫೋರ್ ಹಾರ್ಮೋನು ಮೇಲೇರಿತ್ತು. ಟಿಎಸ್‌ಎಚ್ ಕಡಿಮೆಯಾದರೆ ಥೈರಾಯ್ಡೂ ಕಡಿಮೆಯೆಂದು ನಾನು ತಿಳಿದಿದ್ದೆ. "ಅದು ಉಲ್ಟಾ ಕಣಮ್ಮ," ಎಂದರು. "ಟಿಎಸ್‌ಎಚ್ ಅಂದ್ರೆ ಮೆದುಳಿನ ಬುಡದಿಂದ ಥೈರಾಯ್ಡಿಗೆ ಬರೋ ಆಜ್ಞೆ. ಥೈರಾಯ್ಡ್ ಮಲಗಿದ್ರೆ ಆಜ್ಞೆ ಜೋರಾಗುತ್ತೆ. ಅದು ಅತಿಯಾಗಿ ದುಡಿದ್ರೆ ಆಜ್ಞೆ ನಿಂತೇ ಹೋಗುತ್ತೆ." ಅಂದರೆ ನನ್ನದು ಓಡುವ ಥೈರಾಯ್ಡ್. ದಿನಾ ಥೈರಾಯ್ಡ್ ಮಾತ್ರೆ ನುಂಗುವ ದೊಡ್ಡವಳದ್ದು ಮಲಗಿದ್ದು, ಚಿಕ್ಕವಳದ್ದು ಓಡುವುದು, ಎಂಥ ಮಕ್ಕಳನ್ನು ಹೆತ್ತೆನೋ ಎಂದು ಅಮ್ಮ ಅಲ್ಲೇ ಹಣೆ ಚಚ್ಚಿಕೊಂಡಳು. ನಾನಂತೂ ಆಗಲೇ ಕುತ್ತಿಗೆಗೆ ಆಪರೇಷನ್ ಮಾಡಿಸಿಕೊಂಡು, ಪಾರ್ಲರಿಗೆ ಬೀಗ ಜಡಿದು ಆಗಿತ್ತು, ಮನಸ್ಸಿನಲ್ಲಿ.

ಡಾಕ್ಟರಮ್ಮ ಮಾತ್ರ ಔಷಧಿ ಬರೆಯದೆ ನಾಡಿ ಹಿಡಿದರು, ಕುತ್ತಿಗೆ ಮುಟ್ಟಿದರು, ತೂಕ ನೋಡಿದರು. ಓಡುವ ಥೈರಾಯ್ಡಿಗೆ ಇಳಿಯಬೇಕಾದ ತೂಕ ಒಂದಿಷ್ಟೂ ಇಳಿದಿರಲಿಲ್ಲ! "ರಿಪೋರ್ಟ್ ಒಂದು ಹೇಳ್ತಿದೆ, ನಿಮ್ಮ ಮೈ ಇನ್ನೊಂದು ಹೇಳ್ತಿದೆ. ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಇಲ್ಲವೆಂದೆ. ಅಮ್ಮ ಸುಮ್ಮನಿರುತ್ತಾಳೆಯೇ? "ಕೂದಲಿಗೆ ಅಂತ ದಿನಾ ನುಂಗ್ತಾಳಲ್ಲ, ಅದೇನು ಪೆಪ್ಪರಮೆಂಟಾ?"

ಅದರಲ್ಲಿ ಬಯೋಟಿನ್ ಎಂಬ ವಿಟಮಿನ್ ಇದೆಯಂತೆ. ಥೈರಾಯ್ಡಿಗೆ ಏನೂ ಮಾಡದಿದ್ದರೂ ಲ್ಯಾಬಿನ ಕೆಲವು ಪರೀಕ್ಷೆಗಳ ದಾರಿ ತಪ್ಪಿಸಿ, ಇಲ್ಲದ ಕಾಯಿಲೆ ತೋರಿಸುತ್ತದಂತೆ. ಅದನ್ನು ನಿಲ್ಲಿಸಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು. ಆ ದಿನಗಳನ್ನು ಹೇಗೆ ಕಳೆದೆನೋ! ನಿನ್ನೆ ಎರಡನೇ ರಿಪೋರ್ಟು ಬಂತು, ಎಲ್ಲವೂ ಸರಿಯಾಗಿದೆ. ನಿದ್ದೆಗೆಟ್ಟು, ಊಟ ಬಿಟ್ಟು, ಬರೀ ಕಾಫಿಯಲ್ಲಿ ಬದುಕಿದರೆ ಯಾರ ಕೈಯಾದರೂ ನಡುಗುತ್ತದೆ ಎಂದು ಚೆನ್ನಾಗಿ ಬೈಸಿಕೊಂಡು ಬಂದೆ.

ಅಮ್ಮ ನಿನಗೆ ತಲೆ ಸವರಿ ಆಶೀರ್ವಾದ ಹೇಳಿದ್ದಾಳೆ. ಹುಷಾರು.

ನಿನ್ನ ತಂಗಿ,
ಚಿಕ್ಕಿ

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆದು ಮತ್ತೆ ಕಾಗದ ಹೊರತೆಗೆದೆ. ಹೋದ ಸಲ ಬಂದಾಗ ನೀನೂ ಅದೇ ಕೂದಲಿನ ಮಾತ್ರೆ ಕೊಂಡೆಯಲ್ಲ! ಆಮೇಲೆ ತಾನೇ ಕ್ಯಾಂಪಿನ ಡಾಕ್ಟರು ನಿನ್ನ ರಕ್ತ ನೋಡಿ, ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿದೆಯೆಂದು ಅರ್ಧಕ್ಕೆ ಇಳಿಸಿದ್ದು? ಆ ರಿಪೋರ್ಟೂ ಸುಳ್ಳಾಗಿದ್ದು, ಬೇಕಾದಷ್ಟು ಮಾತ್ರೆ ಸಿಗದೆ ನಿನ್ನ ಥೈರಾಯ್ಡ್ ಮತ್ತೆ ಮಲಗಿದ್ದರೆ? ಈಗ ಬಿಸಿಲಲ್ಲೂ ಚಳಿ, ಎದ್ದು ನಿಲ್ಲಲೂ ಬೇಸರ ಎಂದು ನೀನು ಬರೆದಿದ್ದೆ, ನಾವು ಕೆಲಸದ ಸುಸ್ತೆಂದುಕೊಂಡೆವು. ನೀನಾಗಿಯೇ ಡೋಸ್ ಬದಲಿಸಬೇಡ. ಈ ಕಾಗದವನ್ನೇ ಡಾಕ್ಟರಿಗೆ ತೋರಿಸು, ಇಲ್ಲವೇ ಇದೇ ಲಾರಿ ಹತ್ತಿ ಬಂದುಬಿಡು. ಡ್ರೈವರಿಗೆ ಹೇಳಿದ್ದೇನೆ, ನಿನ್ನ ಉತ್ತರ ಸಿಗದೆ ಅವನು ಅಲ್ಲಿಂದ ಹೊರಡುವುದಿಲ್ಲ.