ಒಕ್ತಾವ್ ಸೀಳದ ಹಾಳೆಗಳು

ಲಿಯಾನ್, ಸೆಪ್ಟೆಂಬರ್ 12, 1957

ಪ್ರೆಸ್‌ನಿಂದ ನನ್ನ ಐದನೇ ಕವನ ಸಂಕಲನ ಬಂತು. ಎಂದಿನಂತೆ ಹಾಳೆಗಳ ಅಂಚು ಕೂಡಿಕೊಂಡೇ ಇವೆ. ಓದುವವನೇ ಚೂರಿಯಿಂದ ಸೀಳಿ ಬಿಡಿಸಿಕೊಳ್ಳಬೇಕು. ಮೊದಲ ಪ್ರತಿ ಗೆಳೆಯ ಒಕ್ತಾವ್‌ಗೆ. ಇನ್ಯಾರಿಗೆ?

ವಿಮರ್ಶಕರಿಗೆ ನಾನು ಮಾತಿನ ಜಾದೂಗಾರ. ಒಂದೇ ಸಾಲು — ಕಿವಿಗೆ ಒಲವಿನ ಹಾಡು, ಕಣ್ಣಿಗೆ ಸಾವಿನ ಸುದ್ದಿ. ನಮ್ಮ ಫ್ರೆಂಚ್‌ನಲ್ಲಿ ಬರೆದ ಅಕ್ಷರ ಅರ್ಧಕ್ಕರ್ಧ ಉಚ್ಚಾರಕ್ಕೇ ಬರುವುದಿಲ್ಲ, ಬೇರೆ ಬೇರೆ ಬರೆದ ಪದಗಳು ಒಂದೇ ಥರ ಕೇಳಿಸುತ್ತವೆ; ಅದೇ ನನ್ನ ಬಂಡವಾಳ. ಇದು ಆಟವಲ್ಲ, ಹೆಂಡತಿ ಸತ್ತ ಮೇಲೆ ನನಗೆ ಬೇರೆ ಥರ ಬರೆಯಲು ಬಾರದು... ಅದನ್ನು ಬಲ್ಲವನು ಒಕ್ತಾವ್ ಒಬ್ಬನೇ.

ಸೆಪ್ಟೆಂಬರ್ 15, ಭಾನುವಾರ

ಕಫೆಯಲ್ಲಿ ನನ್ನ ಹಸ್ತಪ್ರತಿಯಿಂದ ಅವನಿಗೆ ಓದಿ ಹೇಳಿದೆ. ಎಂದಿನಂತೆ ಕಣ್ಣು ಮುಚ್ಚಿ ಕೇಳಿದ. ಸಾಸೇಜ್ ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲವಂತೆ.

"ಎರಡನೇ ಅರ್ಥ ಸಿಕ್ತು ಕಣೋ. ಮೂರನೇದೂ ಇದ್ರೆ ಬಿಲ್ ನೀನೇ ಕೊಡ್ಬೇಕು."

ಕೊಟ್ಟೆ. ತನ್ನ ಪ್ರತಿಯನ್ನು ಕೋಟಿನೊಳಗೆ ಜೋಪಾನವಾಗಿ ಇಟ್ಟುಕೊಂಡ.

ಅಕ್ಟೋಬರ್ 20

ಒಕ್ತಾವ್ ಹೋದ. ಬರೆಯಲಾರೆ.

ನವೆಂಬರ್ 1

ಸೇವಂತಿಗೆ ಕುಂಡ ಹಿಡಿದು ಒಕ್ತಾವ್‌ನ ಗೋರಿಗೆ ಹೋದೆ. ಅವನ ತಂಗಿ ಕ್ಲೋತಿಲ್ದ್ ಸಿಕ್ಕಳು, ಮನೆಗೆ ಕರೆದು ಕಾಫಿ ಕೊಟ್ಟಳು. ಅಣ್ಣನ ಕಪಾಟಿನಲ್ಲಿ ನನ್ನ ಐದೂ ಪುಸ್ತಕ. ಒಂದನ್ನು ತೆಗೆದೆ. ಅಂಚು ಸೀಳಿಲ್ಲ. ಇನ್ನೊಂದು — ಅದೂ ಇಲ್ಲ. ಐದೂ ಹಾಗೇ. ಇಷ್ಟು ವರ್ಷ ನನ್ನನ್ನು ಓದಿದವನು ಒಬ್ಬನಿದ್ದಾನೆ ಅಂದುಕೊಂಡಿದ್ದೆ. ಸೀಳದ ಅಂಚಿನ ಮೇಲೆ ಬೆರಳಾಡಿಸಿದೆ. ಅವಳು ನೋಡಿದಳು.

"ಅಣ್ಣ ಬೇಕಂತಲೇ ಬಿಡಿಸಿಲ್ಲ, ರೆಮೀ ಅವರೇ. ಕಣ್ಣಿಗೆ ಬಿದ್ರೆ ಅಕ್ಷರ ಒಂದೇ ಅರ್ಥ ಹಿಡ್ಕೊಂಡು ಕೂತ್ಬಿಡುತ್ತೆ, ರೆಮೀ ಬಾಯಲ್ಲಿ ಕೇಳಿದ್ರೆ ಎರಡೂ ಬದುಕಿರುತ್ತೆ ಅಂತಿದ್ದ."

ಹೇಳುವಾಗ ಕಪ್ ನೋಡುತ್ತಿದ್ದಳು, ನನ್ನನ್ನಲ್ಲ.

ನವೆಂಬರ್ 3

ನಿಜ ಹೇಳಿದಳೋ, ಮುದುಕ ನೊಂದುಕೊಳ್ಳಬಾರದೆಂದು ಕಟ್ಟಿ ಹೇಳಿದಳೋ. ಎರಡೂ ಇರಬಹುದು. ಜೀವಮಾನವೆಲ್ಲ ಎರಡರ್ಥದಲ್ಲೇ ಬದುಕಿದೆ. ಇದೊಂದು ಮಾತಿಗೆ ಒಂದೇ ಅರ್ಥ ಇದ್ದಿದ್ದರೆ ಸಾಕಿತ್ತು. ಕೇಳೋಣವೆಂದರೆ ಅವನಿಲ್ಲ. ತುಂಬಾ ಸಂಕಟವಾಗುತ್ತಿದೆ.

ನವೆಂಬರ್ 10, ಭಾನುವಾರ

ಕ್ಲೋತಿಲ್ದ್ ಐದನ್ನೂ ಕಟ್ಟಿ ಕಳಿಸಿದ್ದಾಳೆ. ಕೊನೆಯದನ್ನು ಎತ್ತಿಕೊಂಡು ಕಫೆಗೆ ಬಂದೆ, ನಮ್ಮದೇ ಮೇಜು. ಚೂರಿ ಹಿಡಿದೆ, ಮೊದಲ ಮಡಿಕೆಗೆ ತಾಗಿಸಿದೆ... ಆಗಲಿಲ್ಲ. ಚೂರಿ ಕೆಳಗಿಟ್ಟು, ಬಾಯಿಪಾಠವಿದ್ದದ್ದನ್ನೇ ಎದುರಿನ ಕುರ್ಚಿಗೆ ಮೆಲ್ಲಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡೇ 'ಹೂಂ' ಅನ್ನುತ್ತಿದ್ದ ಸಾಲು ಬಂತು. ನಿಲ್ಲಿಸಿದೆ. ಕಾಯುತ್ತಿದ್ದೇನೆ. ಇನ್ನೂ —