ಮುಡಿ ಎಂದು ಬರೆದ ಅಂಗಿ

ಸತ್ವಾ, ದುಬೈ
೯ ಜೂನ್ ೨೦೨೫

ಪ್ರೀತಿಯ ತೃಷಾ,

ಸಿಟ್ಟಿನ ತೃಷಾ ಎಂದೇ ಬರೆಯಬೇಕಿತ್ತು, ಆದರೆ ಕಾಗದದ ಮೊದಲ ಸಾಲಿನಲ್ಲೇ ಜಗಳ ಬೇಡ. ಹೇಗಿದ್ದೀ ಮಗಾ? ನೆಗಡಿ ಬಿಟ್ಟಿತೇ? ಅಜ್ಜಿಯ ಮೊಣಕಾಲಿಗೆಂದು ನಾನು ಕಳಿಸಿದ ಎಣ್ಣೆಯನ್ನು ಹಚ್ಚುತ್ತಿದ್ದಾರೋ, ಇಲ್ಲ ಪರಿಮಳ ಚೆನ್ನಾಗಿದೆಯೆಂದು ಕಪಾಟಿನಲ್ಲಿ ಎತ್ತಿಟ್ಟಿದ್ದಾರೋ? ಅಮ್ಮ ಫೋನಿನಲ್ಲಿ ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. ನಿನ್ನನ್ನು ಕೇಳಿದರೆ ಮಾತ್ರ 'ಅವಳು ಒಳಗೆ ಇದ್ದಾಳೆ' ಎನ್ನುತ್ತಾಳೆ. ಬಿಸು ಹಬ್ಬದ ಮರುದಿನದಿಂದ ನೀನು ಒಳಗೇ ಇದ್ದೀ. ನಮ್ಮ ಕಟಪಾಡಿಯ ಮನೆಗೆ ಇಷ್ಟು ದೊಡ್ಡ ಒಳಗು ಉಂಟೆಂದು ಕಟ್ಟಿಸಿದ ನನಗೇ ಗೊತ್ತಿರಲಿಲ್ಲ. ನಾನು ಕಳಿಸಿದ ಮೆಸೇಜುಗಳಿಗೆಲ್ಲ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಹಾಗಾಗಿ ಈ ಕಾಗದ. ನಮ್ಮ ಪಕ್ಕದಲ್ಲಿ ಗುಂಡಿ, ನೂಲು ಮಾರುವ ರವೂಫ್ ಭಾಯಿಯ ಅಣ್ಣನ ಮಗ ಅರ್ಶದ್ ಇವತ್ತು ಮಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಜಗಳ ಮರೆತಿಲ್ಲ. ಪಿಯುಸಿಯಲ್ಲಿ ತೊಂಬತ್ತೊಂದು ಪರ್ಸೆಂಟ್ ತೆಗೆದ ಹುಡುಗಿ ಸಿಎ ಮಾಡಲಿ ಎಂದು ನಾನು. ಉಡುಪಿಯಲ್ಲಿ ಬಟ್ಟೆ ಕತ್ತರಿಸುವ ಕೋರ್ಸಿಗೆ ಸೇರುತ್ತೇನೆ ಎಂದು ನೀನು. 'ಮೂವತ್ತು ವರ್ಷ ನಾನು ಸೂಜಿ ಹಿಡಿದದ್ದು ನೀನು ಹಿಡಿಯಬಾರದು ಅಂತ' ಎಂದು ಹಬ್ಬದ ಊಟದ ಎಲೆಯ ಮುಂದೆ ಕಿರುಚಿದ್ದು ನಾನೇ. ನಾನು ರಜೆ ಮುಗಿಸಿ ಇಲ್ಲಿಗೆ ಬಂದ ಮೇಲೆ, ನೀನು ಊರಿಗೆ ಬಂದಿದ್ದ ರವೂಫ್ ಭಾಯಿಯ ಕೈಯಲ್ಲಿ ಆ ಕೋರ್ಸಿನ ಅರ್ಜಿಯನ್ನು ಒಂದು ಮಾತೂ ಬರೆಯದೆ ಕಳಿಸಿದೆ. ಅದರಲ್ಲಿ ನನ್ನ ಸಹಿಯೊಂದೇ ಬಾಕಿ. ಇಪ್ಪತ್ತನೆಯ ತಾರೀಕು ಕೊನೆಯ ದಿನ ಎಂದು ಅದರ ಮೇಲೆಯೇ ಅಚ್ಚಾಗಿದೆ, ಅದೂ ಗೊತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಿನ್ನ ಅಮ್ಮ ಹೇಳುವುದು ಸುಳ್ಳಲ್ಲ. ಅದಿರಲಿ, ಈಗ ಒಂದು ಅಂಗಿಯ ಕತೆ ಹೇಳುತ್ತೇನೆ. ಒಳಗೆ ಕೂತೇ ಓದು.

ಏಪ್ರಿಲ್ ಕೊನೆಗೆ ಅಂಗಡಿಗೆ ಒಬ್ಬ ಬಿಳಿಯರು ಬಂದರು. ಹೆಸರು ಡಂಕನ್, ಸ್ಕಾಟ್ಲೆಂಡಿನವರು, ಅಬುಧಾಬಿಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರರು. ಆ ಶಾಲೆಯ ಆಫೀಸಿನಲ್ಲಿರುವ ನಮ್ಮ ಶಿರ್ವದ ಸ್ವೀಡಲ್ ಬಾಯಿ ಕಳಿಸಿದ್ದಂತೆ. ಆರಡಿ ನಾಲ್ಕಿಂಚು ಎತ್ತರ. ಅಗಲದ ಮಾತು ಕೇಳಬೇಡ. ಬಾಗಿಲು ಸಾಕಷ್ಟು ದೊಡ್ಡದಿದ್ದರೂ ಅಭ್ಯಾಸಬಲದಿಂದ ಓರೆಯಾಗಿ ಒಳಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ 'ನಿಮ್ಮ ಟೇಪು ಸಾಕಾಗುತ್ತದೆಯೇ?' ಎಂದು ತಾವೇ ನಕ್ಕರು. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವ ಜನ ಇರುತ್ತಾರೆ, ಅಂಥವರು. ಟೇಪು ಸಾಕಾಯಿತು, ಹೊಟ್ಟೆಯ ಸುತ್ತ ಬಂದು ತುದಿ ಮುಟ್ಟಿದ ಮೇಲೂ ಎರಡಿಂಚು ಉಳಿಯಿತು. ಅವರಿಗೆ ಬೇಕಾದದ್ದು ದೊಡ್ಡ ಸಂಗತಿಯೇನಲ್ಲ. ಸಂಜೆ ಕಡಲ ಬದಿಯಲ್ಲಿ ನಡೆಯುವಾಗ ಹಾಕಲು, ಪ್ಯಾಂಟಿನ ಮೇಲೆ ಬಿಡುವ ಅರ್ಧ ತೋಳಿನ ಅಂಗಿ. ತಿಳಿ ಹಸಿರು ಬಣ್ಣ, ಆದರೆ ಸಣ್ಣ ಸಣ್ಣ ಹೂವು. ಆರು ವರ್ಷದಿಂದ ದುಬೈ, ಅಬುಧಾಬಿಯ ಮಾಲುಗಳನ್ನೆಲ್ಲ ಸುತ್ತಿದ್ದಾರೆ. ಹೊಟ್ಟೆಗೆ ಆಗುವ ಅಂಗಿಯ ಭುಜ ಮೊಣಕೈಗೆ ಇಳಿಯುತ್ತದೆ, ಭುಜಕ್ಕೆ ಆಗುವುದರ ಗುಂಡಿ ಬೀಳುವುದಿಲ್ಲ. ಆಗುವ ಒಂದೆರಡು ಅಂಗಿಗಳೂ ಕಪ್ಪು, ಇಲ್ಲವೇ ಕಡುನೀಲಿ, ದಪ್ಪಗಿದ್ದವರೆಲ್ಲ ದಿನಾ ಸಾವಿನ ಮನೆಗೆ ಹೋಗುವವರೋ ಎಂಬಂತೆ. ಮರಳುಗಾಡಿನೊಳಗೆ ಕೋಣೆ ಕಟ್ಟಿ ಹಿಮ ಬೀಳಿಸುತ್ತಾರೆ ಈ ಊರಿನಲ್ಲಿ, ಗಾಜಿನ ಗೋಡೆಯ ಹಿಂದೆ ಶಾರ್ಕು ಸಾಕುತ್ತಾರೆ. ಅಂಥ ಊರಿನಲ್ಲಿ ಒಬ್ಬ ಮನುಷ್ಯನ ಮೈಗೆ ಒಂದು ಹೂವಿನ ಅಂಗಿ ಇಲ್ಲ ಎಂದರೆ ನನಗೆ ನಂಬಲಾಗಲಿಲ್ಲ. 'ನೋ ಪ್ರಾಬ್ಲಂ ಸರ್' ಎಂದೆ. ಇದೊಂದು ಮಾತನ್ನು ನಾವು ಸತ್ವಾದ ದರ್ಜಿಗಳು ಅಳತೆ ತೆಗೆಯುವ ಮೊದಲೇ ಹೇಳಿಬಿಡುತ್ತೇವೆ.

ಮೊದಲನೆಯ ಅಂಗಿ ಕೆಟ್ಟಿತು. ನಿಂತಾಗ ಸರಿ, ಕೂತಾಗ ಎರಡೆರಡು ಗುಂಡಿಗಳ ನಡುವೆ ಬಂಗುಡೆ ಮೀನು ಬಾಯಿ ತೆರೆದ ಹಾಗೆ ಕಿಂಡಿ, ಮುಂದಿನ ಅಂಚು ಮೇಲಕ್ಕೆ ಎದ್ದು ಹೊಕ್ಕುಳು ಹೊರಗೆ. ಎರಡನೆಯದನ್ನು ಎಲ್ಲ ಕಡೆಯೂ ಇನ್ನಷ್ಟು ದೊಡ್ಡದು ಮಾಡಿದೆ. ನನ್ನ ಜೊತೆ ಕೆಲಸ ಮಾಡುವ ಧರ್ಮಪಾಲ ಅದನ್ನು ಇಸ್ತ್ರಿ ಮಾಡುತ್ತಾ 'ಇದು ಅಂಗಿ ಅಲ್ಲ ಮಾರಾಯ್ರೆ, ಶಾಮಿಯಾನ. ಒಳಗೆ ಒಂದು ಮದುವೆ ಮಾಡ್ಬಹುದು' ಎಂದ. ಡಂಕನ್ನರು ಹಾಕಿ ನೋಡಿದರು, ಕೈ ಎತ್ತಿದರೆ ಇಡೀ ಅಂಗಿಯೇ ಕೈಯ ಜೊತೆ ಮೇಲೆ ಬರುತ್ತಿತ್ತು. ಪಾಪ, 'ಚೆನ್ನಾಗಿದೆ' ಎಂದು ಮಡಚಿಕೊಂಡು ಹೋದರು. ಅವರು ಹೋದ ಮೇಲೆ ನಾನು ಧರ್ಮಪಾಲನಿಗೆ ಏನು ಹೇಳಿದೆ ಗೊತ್ತೇ? 'ಆ ಮೈಗೆ ದೇವರೇ ಬಂದು ಹೊಲಿದ್ರೂ ಕೂರ್ಲಿಕ್ಕಿಲ್ಲ' ಎಂದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ.

ಇನ್ನು ನಾಚಿಕೆಯ ವಿಷಯ. ನಮ್ಮ ಅಂಗಡಿಯ ಒಂದು ಕೆಟ್ಟ ಅಭ್ಯಾಸ ನಿನಗೆ ಗೊತ್ತಿಲ್ಲ. ಪರದೇಶದವರ ಹೆಸರು ಬರೆಯಲು ನಮಗೆ ತಿಣುಕಾಟ. ಅದಕ್ಕೆ ಕತ್ತರಿಸಿದ ಬಟ್ಟೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ಕನ್ನಡದಲ್ಲಿ ಒಂದೊಂದು ಗುರುತಿನ ಹೆಸರು ಗೀಚುತ್ತೇವೆ: ಕೊಕ್ಕರೆ, ಬೆಕ್ಕಿನ ಕಣ್ಣು, ಜಿಪುಣ. ಸತ್ವಾದಲ್ಲಿ ಕನ್ನಡ ಓದುವ ಗಿರಾಕಿ ಯಾರಿದ್ದಾರೆ ಎಂಬ ಧೈರ್ಯ. ಡಂಕನ್ನರ ಬಟ್ಟೆಗೆ ನಾನು ಬರೆದದ್ದು 'ಮುಡಿ'. ಅಕ್ಕಿಮುಡಿಯ ಮುಡಿ, ಅಷ್ಟು ಉರುಟು ಎಂದು. ಹೊಲಿದಾದ ಮೇಲೆ ಉಜ್ಜಿ ಅಳಿಸುವುದು ಕ್ರಮ, ಆ ಸಲ ಮರೆತಿತ್ತು. ಅವರು ಅದನ್ನು ನೋಡಿ, ಏನೋ ಶುಭದ ಅಕ್ಷರ ಇರಬೇಕೆಂದು ಸ್ವೀಡಲ್ ಬಾಯಿಗೆ ತೋರಿಸಿದ್ದಾರೆ. ಬಾಯಿಯವರು ಮೊದಲು ಅರ್ಥ ಹೇಳಲಿಲ್ಲವಂತೆ, ಒತ್ತಾಯ ಮಾಡಿದ ಮೇಲೆ ಹೇಳಿದರಂತೆ.

ಮರುವಾರ ಡಂಕನ್ನರು ಅಂಗಿಯನ್ನು ಚೀಲದಲ್ಲಿ ಹಿಡಿದುಕೊಂಡು ಬಂದರು. ಆ ದಿನ ತಾವು ಮೊದಲು ನಗಲಿಲ್ಲ. 'ನಾನು ದಪ್ಪ ಎಂದು ಚಿಕ್ಕಂದಿನಿಂದ ಅಂಗಡಿಯವರೆಲ್ಲ ಇಂಗ್ಲಿಷಿನಲ್ಲಿ ಹೇಳಿದ್ದಾರೆ. ಇನ್ನೊಂದು ಭಾಷೆಯಲ್ಲಿ ಕೇಳುವ ಅಗತ್ಯ ನನಗಿರಲಿಲ್ಲ' ಎಂದರು. ಬೈಯಲಿಲ್ಲ, ದನಿ ಎತ್ತಲೂ ಇಲ್ಲ. ಧರ್ಮಪಾಲ ಇಸ್ತ್ರಿ ಮೇಜಿನ ಹಿಂದೆ ಕೂತುಬಿಟ್ಟ. ಮುಡಿ ಎಂದರೆ ರಾಜ ಎಂದು ಸುಳ್ಳು ಹೇಳಲು ನಾಲಗೆಯ ತುದಿಯವರೆಗೆ ಬಂದಿತ್ತು ಮಗಾ. ಆದರೆ ಆ ಮುಖ ನೋಡಿ ಆಗಲಿಲ್ಲ. ತಪ್ಪಾಯಿತು ಎಂದು ಕೈಮುಗಿದೆ. ಆಮೇಲೆ ನನ್ನ ಹರಕು ಇಂಗ್ಲಿಷಿನಲ್ಲಿ ಮುಡಿ ಎಂದರೆ ಏನೆಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಕಡೆ ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿಡುತ್ತಿದ್ದರು, ನನ್ನ ಅಪ್ಪ ಕಟ್ಟುತ್ತಿದ್ದರು, ಬಡಿದು ಬಡಿದು ಉರುಟು ಮಾಡುತ್ತಿದ್ದರು, ಮನೆಯ ಮಾಡಿನಿಂದ ಕೆಳಗೆ ಬಿದ್ದರೂ ಒಂದು ಕಾಳು ಹೊರಗೆ ಬರುತ್ತಿರಲಿಲ್ಲ ಎಂದೆಲ್ಲ. ಪಕ್ಕದಿಂದ ಇಣುಕಲು ಬಂದಿದ್ದ ರವೂಫ್ ಭಾಯಿ ಫೋನಿನಲ್ಲಿ ಒಂದು ಮುಡಿಯ ಚಿತ್ರ ಹುಡುಕಿ ತೋರಿಸಿದರು. ಡಂಕನ್ನರು ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಮಾಸ್ತರರಲ್ಲವೇ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: 'ಇಷ್ಟು ಬಿಗಿಯಾಗಿ ಕೂತಿದೆಯಲ್ಲ, ಇದರ ಅಳತೆ ಹೇಗೆ ತೆಗೆಯುತ್ತಿದ್ದರು?' ಅಳತೆ ತೆಗೆಯುವುದಿಲ್ಲ ಸರ್, ಅಕ್ಕಿ ಮೊದಲು, ಅದರ ಸುತ್ತ ಹುಲ್ಲು ತಾನೇ ಹೋಗುತ್ತದೆ ಎಂದೆ. ಹೇಳಿದವನೇ ಕತ್ತಿನ ಟೇಪು ತೆಗೆದು ಮೇಜಿನ ಮೇಲಿಟ್ಟೆ.

ಯಾಕೆಂದರೆ ಆಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಅಜ್ಜಿಯ ರವಿಕೆ. ನಾನು ರಜೆಯಲ್ಲಿ ಊರಿಗೆ ಬಂದಿದ್ದಾಗ ನೀನು ಹಳೆಯ ಬೆಡ್‌ಶೀಟನ್ನು ಅಜ್ಜಿಯ ಗೂನು ಬೆನ್ನಿಗೆ ಹೊದಿಸಿ, ಪಿನ್ನು ಚುಚ್ಚಿ, ಅಲ್ಲೇ ಗೆರೆ ಎಳೆದು ಕತ್ತರಿಸುತ್ತಿದ್ದೆ. 'ಟೇಪು ಇಲ್ಲದ ಟೈಲರ್' ಎಂದು ನಾನು ಗೇಲಿ ಮಾಡಿ ಹೊರಗೆ ಹೋದೆ. ಮರುದಿನ ಅಜ್ಜಿ ಆ ಅಚ್ಚಿಗೇ ಹೊಲಿದ ರವಿಕೆ ತೊಟ್ಟು ಕೈ ಮೇಲೆತ್ತಿ ಬಟ್ಟೆ ಒಣಗಿಸುತ್ತಿದ್ದರು, ರವಿಕೆ ಅಲುಗುತ್ತಿರಲಿಲ್ಲ. ನೋಡಿದ್ದೆ. ನೋಡಿಲ್ಲ ಎಂಬಂತೆ ಪೇಪರ್ ಓದಿದೆ. ಅದಕ್ಕೆ ಈಗ ನಿನ್ನ ಕ್ಷಮೆ ಕೇಳುತ್ತೇನೆ.

ಡಂಕನ್ನರನ್ನು ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ನನ್ನ ರೂಮಿನ ಬೆಡ್‌ಶೀಟು ತರಿಸಿದೆ. ಕೂರಿಸಿ, ಗಮನಿಸು! ಮೂವತ್ತು ವರ್ಷ ನಾನು ಜನರನ್ನು ನಿಲ್ಲಿಸಿಯೇ ಅಳತೆ ತೆಗೆದವನು. ಎರಡು ಗಂಟೆ ಪಿನ್ನು ಚುಚ್ಚಿದೆ. ಆ ಬಟ್ಟೆ ನನಗೆ ಹೇಳಿಕೊಟ್ಟದ್ದನ್ನು ಏನೆಂದು ಬರೆಯಲಿ! ಮುಂಭಾಗ ಹಿಂಭಾಗಕ್ಕಿಂತ ನಾಲ್ಕಿಂಚು ಉದ್ದ ಬೇಕು. ಭುಜ ಹೆಚ್ಚುಕಡಿಮೆ ನನ್ನಷ್ಟೇ, ಅದನ್ನು ನಾನು ಸುಮ್ಮನೆ ಅಗಲ ಮಾಡಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಕಂಕುಳು. ದೊಡ್ಡ ಮನುಷ್ಯನಿಗೆ ದೊಡ್ಡ ಕಂಕುಳು ಎಂದು ನಾನು ಬಾವಿಯಷ್ಟು ಕೊರೆದಿದ್ದೆ. ಸಣ್ಣದು ಮಾಡಿ ಮೇಲಕ್ಕೆ ಕೂರಿಸಿದ ಕೂಡಲೇ ಕೈ ಎತ್ತಿದರೂ ಅಂಗಿ ಅಲುಗಲಿಲ್ಲ. ಬಿಗಿ ಮಾಡಿದರೆ ಸಲೀಸಾಗುತ್ತದೆ! ನನಗೆ ಮೈ ಜುಮ್ಮೆಂದಿತು ತೃಷಾ. ಸಾವಿರಾರು ಅಂಗಿ ಹೊಲಿದಿದ್ದೇನೆ, ಮನುಷ್ಯನ ಮೈ ಇಂಥ ಅದ್ಭುತ ಎಂದು ಒಂದು ದಿನವೂ ಕಂಡಿರಲಿಲ್ಲ. ಅನ್ನದ ದಾರಿ ಎಂದು ಹೊಲಿದೆ, ಅಷ್ಟೇ.

ಮೊನ್ನೆ ಶನಿವಾರ ಅಂಗಿ ತಯಾರಾಯಿತು. ತಿಳಿ ಹಸಿರು, ಬಿಳಿಯ ಸಣ್ಣ ಹೂವು. ಅವರು ತೊಟ್ಟರು, ಕೂತರು, ಬಗ್ಗಿದರು, ಬಲ್ಬು ಹಾಕುವವರ ಹಾಗೆ ಎರಡೂ ಕೈ ಎತ್ತಿದರು. ಆಮೇಲೆ ಬಾಗಿಲು ತೆಗೆದು ಆ ಉರಿಬಿಸಿಲಿನಲ್ಲಿ ಬೀದಿಗೆ ಇಳಿದರು. ಬಸ್ ಸ್ಟಾಪಿನವರೆಗೆ ನಡೆದು, ಜನರ ನಡುವೆ ಸ್ವಲ್ಪ ನಿಂತು, ತಿರುಗಿ ಬಂದರು. ಕಣ್ಣು ಒದ್ದೆಯಾಗಿತ್ತು. 'ಯಾರೂ ನನ್ನನ್ನು ತಿರುಗಿ ನೋಡಲಿಲ್ಲ' ಎಂದರು. ಹೊಗಳಿಕೆ ಬಹಳ ಕೇಳಿದ್ದೇನೆ ಮಗಾ, ಇಂಥ ಮಾತು ಕೇಳಿರಲಿಲ್ಲ. ಧರ್ಮಪಾಲ ಮೂಗು ಒರೆಸಿಕೊಂಡು 'ಖಲಾಸ್, ಇನ್ನು ಯಾರಿಗೂ ಅಡ್ಡಹೆಸರು ಇಡುದಿಲ್ಲ' ಎಂದ. ಈಗ ನಂಬರು ಬರೆಯುತ್ತೇವೆ.

ಈ ಕ್ರಮ ಯಾರು ಕಲಿಸಿದರು ಎಂದು ಡಂಕನ್ನರು ಕೇಳಿದರು. 'ನನ್ನ ಮಗಳು' ಎಂದೆ. ಇಷ್ಟು ದಿನ ಎಲ್ಲರಿಗೂ ಮಗಳು ಸಿಎ ಆಗ್ತಾಳೆ ಎಂದು ಕೊಚ್ಚಿಕೊಂಡವನು ನಾನು. ರವೂಫ್ ಭಾಯಿ ನನ್ನ ಮುಖ ನೋಡಿದರು, ನಾನು ನೂಲು ಹುಡುಕಿದೆ. ಈಗ ಒಂದು ಸಂಶಯ. ಅವರ ಕತ್ತಿನ ಹಿಂದೆ, ಕಾಲರಿನ ಕೆಳಗೆ ಒಂದು ಅಡ್ಡ ಸುಕ್ಕು ಏನು ಮಾಡಿದರೂ ಹೋಗಲಿಲ್ಲ. ಅವರಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಅಜ್ಜಿಯ ಬೆನ್ನಿನಲ್ಲಿ ನೀನು ಅದನ್ನು ಹೇಗೆ ಸರಿ ಮಾಡಿದೆ? ಫೋನು ಎತ್ತಿದರೆ ಹೇಳಬಹುದು.

ಅಜ್ಜಿಗೆ ನನ್ನ ನಮಸ್ಕಾರ, ಅಮ್ಮನಿಗೆ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮ ಮನೆಯ ಭೂತ ದೇವರುಗಳೆಲ್ಲ ನಿನ್ನ ಕೈಯನ್ನು ಕಾಯಲಿ.

ನಿನ್ನ ಅಪ್ಪ,
ಸೇಸಪ್ಪ

ತಾ.ಕ.: ಅರ್ಶದ್ ಬಾಗಿಲಲ್ಲಿ ನಿಂತು ಯಲ್ಲಾ ಯಲ್ಲಾ ಎನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆಯೊಳಗೆ ನಿನ್ನ ಅರ್ಜಿ ಇದೆ, ಸಹಿ ಹಾಕಿದ್ದೇನೆ. ಸಹಿಯ ಮೇಲೆ 'ತಂದೆಯ ಉದ್ಯೋಗ' ಎಂದು ಒಂದು ಸಾಲು ಇತ್ತು. ಒಂದನೇ ಕ್ಲಾಸಿನಿಂದ ನಿನ್ನ ಎಲ್ಲ ಕಾಗದಗಳಲ್ಲೂ ಅಲ್ಲಿ 'ಬಿಸಿನೆಸ್' ಎಂದು ಬರೆಯುತ್ತಿದ್ದೆ. ಈ ಸಲ ಇಂಗ್ಲಿಷಿನಲ್ಲಿ 'ಟೈಲರ್' ಎಂದು ಬರೆದಿದ್ದೇನೆ. ಮೊದಲ ಸಲ ಬರೆದದ್ದು, ಸ್ಪೆಲ್ಲಿಂಗ್ ಸರಿಯಿದೆಯೇ ನೋಡಿ ಕೊಡು.